ಗ್ಯಾಸ್ ಪುಕ್ಕಟೆ, ಕರೆಂಟ್ ಅಲ್ಲ

ಮುಧೋಳ ಕಡೆ ಒಂದು ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿಯಲ್ಲಿ ಫರ್ಮೆಂಟೇಶನ್ ನೋಡಿಕೊಳ್ಳುತ್ತೇನೆ. ಕಾರ್ಬನ್ ಡೈಆಕ್ಸೈಡ್‌ನಿಂದ ಮೆಥನಾಲ್ (ಇಂಧನಕ್ಕೂ ರಾಸಾಯನಿಕ ತಯಾರಿಕೆಗೂ ಬಳಸುವ ಒಂದು ಬಗೆಯ ಆಲ್ಕೋಹಾಲ್) ಮಾಡ್ತಾರಂತೆ ಅಂತ ಸುದ್ದಿ ಬಂದಾಗಲೆಲ್ಲ ಶಿಫ್ಟಿನ ಹುಡುಗರು ಕೇಳೇ ಕೇಳುತ್ತಾರೆ: "ಸರ್, ನಮ್ಮ ಗ್ಯಾಸ್ ಸುಮ್ನ ಗಾಳಿಗೆ ಹೊಂಟೈತಿ, ನಾವೂ ಮಾಡಬಹುದಲ್ರಿ?"

ಗ್ಯಾಸಿನ ಮಟ್ಟಿಗೆ ಅವರ ಮಾತು ಸರಿ. ಯೀಸ್ಟ್ ಕಾಕಂಬಿಯ ಸಕ್ಕರೆ ತಿಂದು ಒಂದು ಟನ್ ಆಲ್ಕೋಹಾಲ್ ಕೊಟ್ಟರೆ, ಹೆಚ್ಚುಕಮ್ಮಿ ಅಷ್ಟೇ ತೂಕದ ಕಾರ್ಬನ್ ಡೈಆಕ್ಸೈಡನ್ನೂ ಬಿಡುತ್ತದೆ. ನೀರಾವಿ ತೆಗೆದರೆ ಅದು ಬಹುತೇಕ ಶುದ್ಧ. ಬಾಯ್ಲರ್ ಚಿಮಣಿಯ ಹೊಗೆ ಹಾಗಲ್ಲ, ಅದರಲ್ಲಿ ಹೆಚ್ಚಿನ ಪಾಲು ನೈಟ್ರೋಜನ್ನೇ. ನಮ್ಮಲ್ಲಿ ಗ್ಯಾಸ್ ತೊಳೆಯುವ ಸ್ಕ್ರಬ್ಬರ್‌ನ ನೀರು ಆಲ್ಕೋಹಾಲ್ ಆವಿಯನ್ನು ಹಿಡಿದುಕೊಳ್ಳುತ್ತದೆ. ಆದರೆ ಕೊಳೆತ ಮೊಟ್ಟೆ ವಾಸನೆಯ ಗಂಧಕ ಬರೀ ನೀರಿಗೆ ಪೂರ್ತಿ ಬಗ್ಗಲ್ಲ, ಮೆಥನಾಲ್ ರಿಯಾಕ್ಟರಿನಲ್ಲಿ ಕ್ರಿಯೆಗೆ ವೇಗ ಕೊಡುವ ತಾಮ್ರದ ಕ್ಯಾಟಲಿಸ್ಟ್‌ಗೆ ಅದೇ ವಿಷ. ಇರಲಿ, ಅದಕ್ಕೆ ಫಿಲ್ಟರ್ ಇದೆ.

ಕೈ ಕಚ್ಚೋದು ಹೈಡ್ರೋಜನ್. ಕಾರ್ಬನ್ ಡೈಆಕ್ಸೈಡಿಗೆ ಅದನ್ನು ಕೂಡಿಸಿದರೇನೇ ಮೆಥನಾಲ್ ಆಗೋದು. ಒಂದು ಟನ್ ಮೆಥನಾಲ್‌ಗೆ ಸುಮಾರು 190 ಕೆಜಿ ಬೇಕು, ಅದರಲ್ಲೂ ಮೂರನೇ ಒಂದು ಪಾಲು ಕೊನೆಗೆ ನೀರಾಗಿ ಹೋಗುತ್ತದೆ. ನೀರು ಒಡೆದು ಒಂದು ಕೆಜಿ ಹೈಡ್ರೋಜನ್ ತೆಗೆಯಲು 50 ಯೂನಿಟ್‌ಗಿಂತ ಜಾಸ್ತಿ ಕರೆಂಟ್. ದಿನಕ್ಕೆ 60 ಸಾವಿರ ಲೀಟರಿನ ಡಿಸ್ಟಿಲರಿಯನ್ನೇ ತಗೊಳ್ಳಿ: 45 ಟನ್ ಗ್ಯಾಸ್, ಅದರಿಂದ 33 ಟನ್ ಮೆಥನಾಲ್, ಕರೆಂಟ್ ದಿನಕ್ಕೆ 3 ಲಕ್ಷ ಯೂನಿಟ್ ದಾಟುತ್ತದೆ, ಅಂದರೆ ಹಗಲೂ ರಾತ್ರಿ 13 ಮೆಗಾವ್ಯಾಟ್. ಯೂನಿಟ್‌ಗೆ ಐದೇ ರೂಪಾಯಿ ಹಿಡಿದರೂ ಟನ್ನಿಗೆ 47 ಸಾವಿರದ ಮೇಲೆ ಕರೆಂಟಿಗೇ ಹೋಯ್ತು. ನೈಸರ್ಗಿಕ ಅನಿಲದಿಂದ ಮಾಡಿದ್ದು ಇದಕ್ಕಿಂತ ಎಷ್ಟೋ ಅಗ್ಗ.

ಕೋಜನ್, ಅಂದರೆ ಕಬ್ಬಿನ ಸಿಪ್ಪೆ ಸುಟ್ಟು ಕರೆಂಟ್ ಮಾಡುವ ಘಟಕ, ಇದೆಯಲ್ಲ ಅಂತೀರಾ? ಆ ಕರೆಂಟ್ ಗ್ರಿಡ್‌ಗೆ ಮಾರಿ ದುಡ್ಡು ಬರ್ತಿದೆ, ಅದೂ ಕಬ್ಬು ನುರಿಸುವ ಹಂಗಾಮಿನಲ್ಲಿ ಜೋರು. ನಮ್ಮ ಕಡೆ ಗಾಳಿ ಬೀಸೋದು ಮುಂಗಾರಿನಲ್ಲಿ, ಆಗ ಗಾಣ ನಿಂತಿರುತ್ತದೆ. ಸೋಲಾರ್ ಸಂಜೆ ಆರಕ್ಕೆ ಮುಗಿಯಿತು. ರಿಯಾಕ್ಟರ್‌ಗೋ ಒಂದೇ ಸಮ ಓಡಬೇಕು. ಐಸ್‌ಲ್ಯಾಂಡಿನಲ್ಲಿ 2012ರಲ್ಲಿ ಇಂಥದೊಂದು ಘಟಕ ಶುರುವಾಯಿತು, ಅಲ್ಲಿ ನೆಲದಡಿಯ ಬಿಸಿಯಿಂದ ಹಗಲೂ ರಾತ್ರಿ ವಿದ್ಯುತ್ ಸಿಗುತ್ತದೆ, ಗ್ಯಾಸೂ ಅಲ್ಲಿಂದಲೇ.

ಹಾಗಾಗಿ ಯಾರಾದರೂ ಇಂಥ ಪ್ರಾಜೆಕ್ಟ್ ಹಿಡಿದುಕೊಂಡು ಬಂದರೆ ನಾನು ಗ್ಯಾಸಿನ ಮಾತೇ ಎತ್ತಲ್ಲ. ಕರೆಂಟ್ ಎಲ್ಲಿಂದ, ವರ್ಷಕ್ಕೆ ಎಷ್ಟು ತಾಸು, ಯಾವ ರೇಟಿಗೆ, ಇಷ್ಟು ಕೇಳುತ್ತೇನೆ. ಸದ್ಯಕ್ಕೆ ಗ್ಯಾಸನ್ನು ಶುದ್ಧ ಮಾಡಿ ಸೋಡಾ, ಡ್ರೈ ಐಸ್ ಮಾಡುವವರಿಗೆ ಮಾರೋದೇ ಲೆಕ್ಕಕ್ಕೆ ಕೂರುತ್ತದೆ, ಅದಕ್ಕೆ ಹೈಡ್ರೋಜನ್ ಬೇಕಾಗಿಲ್ಲವಲ್ಲ.