ತೆನೆ ಎಂದೆ, ಜೋಳದ ಹೊಲ ಬಂತು

ಶನಿವಾರ ಬೆಳಿಗ್ಗೆ ತಿಂಡಿ ಮುಗಿಸಿ ಕೂತರೆ ಊಟದ ಹೊತ್ತಿಗೆ ಕೆಲಸ ಮುಗಿದಿರುತ್ತದೆ ಅಂದುಕೊಂಡಿದ್ದೆ. ಕೆಲಸ ಇಷ್ಟೇ: ಆರು ಇಳಕಲ್ ಸೀರೆ, ಸೀರೆಗೆ ಎರಡರಂತೆ ಹನ್ನೆರಡು ಚಿತ್ರ. ಕ್ಯಾಮೆರಾ ಬೇಡ, ಮಾಡೆಲ್ ಬೇಡ, ಮೇಕಪ್ಪಿನವರು ಬೇಡ. ನಾನು ಬರೆಯಬೇಕು, ಎಐ ಚಿತ್ರ ಮಾಡಿಕೊಡಬೇಕು.

ಸೀರೆ ನನ್ನ ಗೆಳತಿಯವು. ಹುಬ್ಬಳ್ಳಿಯ ಮನೆಯ ಮಹಡಿಯಲ್ಲಿ ಗೋದಾಮು, ಅಂಗಡಿ ಇನ್‌ಸ್ಟಾಗ್ರಾಮಿನಲ್ಲಿ. ಹಬ್ಬಕ್ಕೆ ಮುಂಚೆ ಒಂದು ಒಳ್ಳೆಯ ಫೋಟೋ ಶೂಟ್ ಮಾಡಿಸೋಣ ಅಂತ ವಿಚಾರಿಸಿದ್ದಳಂತೆ. ಒಂದು ದಿನಕ್ಕೆ 40 ಸಾವಿರದ ಹತ್ತಿರ ಹೇಳಿದ್ದಾರೆ. ಅದೇ ಹೊತ್ತಿಗೆ 2025ರ ಸೆಪ್ಟೆಂಬರಿನ ಆ ಹುಚ್ಚು ಅವಳಿಗೆ ನೆನಪಾಗಿದೆ. ಊರಿನ ಹೆಣ್ಣುಮಕ್ಕಳೆಲ್ಲ ಗೂಗಲ್ ಜೆಮಿನಿಗೆ ತಮ್ಮ ಫೋಟೋ ಕೊಟ್ಟು, ಹಳೇ ಸಿನಿಮಾ ನಾಯಕಿಯರ ಹಾಗೆ ಶಿಫಾನ್ ಸೀರೆ ಹಾರಿಸಿಕೊಂಡು ಸಂಜೆ ಬಿಸಿಲಲ್ಲಿ ನಿಂತಿದ್ದರಲ್ಲ, ಅದು. ನಮ್ಮ ಸೋದರತ್ತೆ ಕೂಡ ನಿಂತಿದ್ದರು, ಮೊಣಕಾಲು ನೋವಿನ ಪಟ್ಟಿ ಇಲ್ಲದೆ.

"ಪುಕ್ಕಟೆ ಆಕ್ಕೇತ್ ಲೇ," ಅಂದಳು. "ನೀ ಹೆಂಗೂ ಬರಿಯಾಕಿ. ಪ್ರಾಂಪ್ಟ್ ಬರಿ."

ನಾನು ಬರೆಯುವವಳು ಹೌದು. ಸೋಪು, ಮ್ಯಾಟ್ರೆಸ್, ಕುಕ್ಕರ್, ಎಲ್ಲದಕ್ಕೂ ನಾಲ್ಕು ಸಾಲು ಬರೆದುಕೊಟ್ಟು ಬದುಕುತ್ತೇನೆ. ಸೀರೆಗೆ ಬರೆಯುವುದೇನು ಮಹಾ ಅನ್ನಿಸಿತು.

ಪ್ರಾಂಪ್ಟ್ ಅಂದರೆ ಏನು ಚಿತ್ರ ಬೇಕೆಂದು ಎಐಗೆ ಬರೆದುಕೊಡುವ ಸೂಚನೆ. ಮೊದಲನೆಯದು ಸಾಧಾರಣದ್ದು. ಇಳಕಲ್ ಸೀರೆ ಉಟ್ಟ ಭಾರತೀಯ ಮಹಿಳೆ, ಫ್ಯಾಷನ್ ಫೋಟೋ. ಇಂಗ್ಲಿಷಿನಲ್ಲೇ ಬರೆದೆ. ನಾಲ್ಕು ಚಿತ್ರ ಬಂದವು. ನಾಲ್ಕರಲ್ಲೂ ರಾಜಸ್ಥಾನದ ಕಮಾನು, ಕಲ್ಲಿನ ಜಾಲರಿ, ಹಿತ್ತಾಳೆ ದೀಪ. ನಾಲ್ವರೂ ಗೋಧಿ ಬಣ್ಣದ, ಇಪ್ಪತ್ತೆರಡು ವರ್ಷದ, ಒಂದೇ ತಾಯಿ ಹೆತ್ತಂತಿರುವ ಹುಡುಗಿಯರು. ಮೈತುಂಬ ಕುಂದಣದ ಒಡವೆ. ಸೀರೆ ಬನಾರಸಿನದೋ ಕಂಚಿಯದೋ, ಎರಡರ ನಡುವೆ ಎಲ್ಲೋ ಹುಟ್ಟಿದ್ದು. ಇಳಕಲ್ ಎಂಬ ಊರಿನ ಹೆಸರು ಆ ಯಂತ್ರದ ಕಿವಿಯ ಮೇಲೇ ಬಿದ್ದಂತಿರಲಿಲ್ಲ.

ಆಮೇಲೆ ಈ ವಿದ್ಯೆ ಬಲ್ಲವರು ಬಳಸುವ ಮಾತುಗಳನ್ನು ಸೇರಿಸುತ್ತ ಹೋದೆ. 85 ಎಂಎಂ ಲೆನ್ಸ್, ಎಫ್ 1.8, ಗೋಲ್ಡನ್ ಅವರ್ ಎಂಬ ಹೊಂಬಿಸಿಲಿನ ಹೊತ್ತು, ಎಡಿಟೋರಿಯಲ್. ಈ ಮಾತುಗಳದ್ದೊಂದು ತಮಾಷೆಯಿದೆ. ಅಲ್ಲಿ ಲೆನ್ಸೂ ಇಲ್ಲ, ಸೂರ್ಯನೂ ಇಲ್ಲ. ಬರೀ ಚುಕ್ಕೆ ಚುಕ್ಕೆ ಗದ್ದಲದಿಂದ ಶುರುವಾಗಿ, ಆ ಗದ್ದಲವನ್ನು ಹಂತಹಂತವಾಗಿ ತೆಗೆಯುತ್ತ ಚಿತ್ರ ಮೂಡುತ್ತದೆ. 85 ಎಂಎಂ ಅಂದರೆ, ಹಾಗೆ ಹೆಸರು ಹೊತ್ತು ಇಂಟರ್ನೆಟ್ಟಿನಲ್ಲಿ ಬಿದ್ದಿರುವ ಫೋಟೋಗಳ ಚಹರೆ ಬರುತ್ತದೆ ಅಷ್ಟೆ: ಮುಖ ಚೂಪಾಗಿ, ಹಿಂದಿನದೆಲ್ಲ ಬೆಣ್ಣೆಯಂತೆ ಕರಗಿ. ನಮ್ಮೂರ ಜಾತ್ರೆಯಲ್ಲಿ ದೇವರ ಹೆಸರು ಕೂಗಿದರೆ ಆ ಹೆಸರಿನ ಹತ್ತು ಜನ ತಿರುಗಿ ನೋಡುತ್ತಾರಲ್ಲ, ಹಾಗೆ. ಚಿತ್ರ ಚೆಂದ ಬಂತು, ಅದನ್ನು ಸುಳ್ಳು ಹೇಳಬಾರದು. ಆದರೆ ಗೋಲ್ಡನ್ ಅವರ್ ಎಂಬ ಎರಡು ಪದಕ್ಕೆ ದಾಳಿಂಬೆ ಕೆಂಪಿನ ಸೆರಗು ಕಿತ್ತಳೆ ಬಣ್ಣಕ್ಕೆ ತಿರುಗಿತು. ಬಣ್ಣ ಬೇರೆ ಅಂತ ಸೀರೆ ವಾಪಸ್ ಬಂದರೆ ಕೊರಿಯರ್ ಖರ್ಚು ಗೆಳತಿಯ ತಲೆಗೆ. ಬಿಸಿಲು ತೆಗೆದೆ, ಮೋಡದ ಬೆಳಕು ಅಂತ ಹಾಕಿದೆ.

ವಯಸ್ಸಿಗೂ ಒಂದು ತಾಸು ಹೋಯಿತು. ಗೆಳತಿಯ ಗಿರಾಕಿಗಳು ಬ್ಯಾಂಕಿನವರು, ಟೀಚರುಗಳು, ನಲವತ್ತು ದಾಟಿದವರು. 45 ವರ್ಷ ಎಂದು ಬರೆದರೆ ಬಂದವಳು ಅದೇ ಇಪ್ಪತ್ತೆರಡರವಳು, ಕಿವಿಯ ಹತ್ತಿರ ಒಂದೇ ಒಂದು ಬಿಳಿ ಎಳೆ ಅಂಟಿಸಿಕೊಂಡು. ಸುಕ್ಕು ಇರಲಿ ಎಂದೆ. ತಕ್ಷಣ ಎಂಬತ್ತರ ಅಜ್ಜಿ ಬಂದಳು, ಯಾವುದೋ ಪ್ರವಾಸಿ ತೆಗೆದ ಕಪ್ಪು ಬಿಳುಪು ಫೋಟೋದಲ್ಲಿ ಇರುವಂಥವಳು. ಇಪ್ಪತ್ತೆರಡಕ್ಕೂ ಎಂಬತ್ತಕ್ಕೂ ನಡುವಿನ ಹೆಂಗಸರು ಆ ಯಂತ್ರದ ಲೋಕದಲ್ಲಿ ಸೀರೆ ಉಡುವುದೇ ಇಲ್ಲ. ಮೂಗುತಿ ಬೇಡ ಎಂದು ಬರೆದಿದ್ದೆ, ಎರಡೂ ಹೊಳ್ಳೆಗೆ ಬಂತು. ಬೇಡ ಎಂಬುದು ಅದಕ್ಕೆ ನಾಟುವುದಿಲ್ಲ, ಮೂಗುತಿ ಎಂಬುದಷ್ಟೇ ನಾಟುತ್ತದೆ. ಅದಕ್ಕೇ ಕೆಲವು ಕಡೆ ಬೇಡದ್ದನ್ನು ಬರೆಯಲು ಬೇರೆ ಖಾನೆ ಇರುತ್ತದೆ, ನೆಗೆಟಿವ್ ಪ್ರಾಂಪ್ಟ್ ಅಂತ. ನನಗದು ಹೊಳೆದದ್ದು ಹತ್ತು ಮೂಗುತಿ ಆದಮೇಲೆ.

ಇಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಸೀರೆ ಇನ್ನೂ ಇಳಕಲ್ ಆಗಿರಲಿಲ್ಲ.

ಇಳಕಲ್ ಸೀರೆಯನ್ನು ಇಳಕಲ್ ಮಾಡುವುದು ಅದರ ಸೆರಗು. ಟೋಪ್ ತೆನಿ ಸೆರಗು ಅಂತಾರೆ. ಒಂದನ್ನು ಮಂಚದ ಮೇಲೆ ಹರವಿಕೊಂಡು ಕೂತೆ. ಕಡು ಹಸಿರು ಮೈ, ಸಣ್ಣ ಚೌಕಳಿ, ಗೋಮಿ ಎಂಬ ವಿನ್ಯಾಸದ ದಡಿ, ಅಂದರೆ ಅಂಚು. ಸೆರಗಿನಲ್ಲಿ ಮೂರು ಕೆಂಪು ಪಟ್ಟೆ, ಅವುಗಳ ನಡುವೆ ಎರಡು ಬಿಳಿ. ಕೆಂಪು ಬಿಳಿ ಸೇರುವಲ್ಲಿ ಚೂಪುಚೂಪಾದ ಮೊನೆಗಳ ಸಾಲು, ಹಲ್ಲಿಗೆ ಹಲ್ಲು ಕೂಡಿಸಿದಂತೆ. ಈ ಮೊನೆಗಳಿಗೆ ನೇಕಾರರು ಇಟ್ಟಿರುವ ಹೆಸರುಗಳು ನನಗೆ ಚಿಕ್ಕಂದಿನಿಂದ ಗೊತ್ತು. ಹಣಿಗೆ ಎಂದರೆ ಬಾಚಣಿಗೆ. ಕೋಟಿ ಕಮ್ಮಲಿ, ಕೋಟೆ ಗೋಡೆಯ ತಲೆಯ ಮೇಲಿನ ಹಲ್ಲುಸಾಲಿನದ್ದು. ತೋಪುತೆನೆ, ಜೋಳದ ತೆನೆ. ರಂಪ ಎಂದರೆ ಗುಡ್ಡದ ಸಾಲು. ಬಯಲುಸೀಮೆಯ ಮನುಷ್ಯ ಮಗ್ಗದ ಕುಣಿಯಲ್ಲಿ ಕೂತು ತಲೆಯೆತ್ತಿದರೆ ಏನೇನು ಕಂಡೀತೋ ಅದೆಲ್ಲ ಸೆರಗಿಗೆ ಬಂದಿದೆ.

ಇದಕ್ಕಿಂತ ಒಳ್ಳೆ ಪ್ರಾಂಪ್ಟ್ ಬೇಕೆ? ಖುಷಿಯಲ್ಲಿ ಎಲ್ಲವನ್ನೂ ಅನುವಾದಿಸಿ ಹಾಕಿದೆ. ಬಾಚಣಿಗೆ, ಕೋಟೆಯ ಗೋಡೆ, ಜೋಳದ ತೆನೆ, ಬೆಟ್ಟದ ಸಾಲು, ಇವು ಮೂಡಿರುವ ಕೆಂಪು ಬಿಳಿ ಸೆರಗು.

ಚಿತ್ರ ಬಂತು. ಹುಡುಗಿ ಜೋಳದ ಹೊಲದಲ್ಲಿ ನಿಂತಿದ್ದಾಳೆ. ತಲೆಯಲ್ಲಿ ದಂತದಂಥ ಬಾಚಣಿಗೆ ಸಿಕ್ಕಿಸಿಕೊಂಡಿದ್ದಾಳೆ. ಹಿಂದೆ ಕೋಟೆ, ಕೋಟೆಯ ಹಿಂದೆ ಬೆಟ್ಟ, ಬೆಟ್ಟದ ಮೇಲೆ, ನಾನು ಕೇಳಿಯೇ ಇರಲಿಲ್ಲ, ಮಂಜು. ಕೈಯಲ್ಲಿ ಒಂದು ಹಿಡಿ ತೆನೆ ಬೇರೆ. ಸೆರಗು ಮಾತ್ರ ಬೋಳು ಕೆಂಪು.

ಒಬ್ಬಳೇ ಕೂತು ನಕ್ಕೆ. ಆದರೆ ಯಂತ್ರದ ತಪ್ಪೂ ಇಲ್ಲ. ಹೆಸರು ಕೊಟ್ಟೆ, ಹೆಸರಿನ ವಸ್ತು ತಂದುಕೊಟ್ಟಿತು. ನಮ್ಮವರು ತೆನೆ ಅಂದದ್ದು ಒಂದು ನೂಲಿನ ಏರಿಳಿತಕ್ಕೆ, ಅದು ಅದಕ್ಕೆ ಹೇಗೆ ಗೊತ್ತಾಗಬೇಕು? ಕನ್ನಡದಲ್ಲೇ ಬರೆದರೆ ಸರಿಹೋದೀತೆ ಎಂದು ಚಿತ್ರ ಮಾಡುವ ಇನ್ನೊಂದು ಹಳೆಯ ಎಐ ಮಾಡೆಲ್ಲಿಗೆ ಟೋಪ್ ತೆನಿ ಸೆರಗು ಎಂದು ಕನ್ನಡ ಲಿಪಿಯಲ್ಲೇ ಕೊಟ್ಟೆ. ಒಂದು ನಾಯಿಮರಿ ಬಂತು. ಆ ಮಾಡೆಲ್ಲು ಪಠ್ಯವನ್ನು 77 ತುಂಡಿನ ತನಕ ಮಾತ್ರ ಓದುತ್ತದೆ. ಇಂಗ್ಲಿಷಿನ ಪರಿಚಿತ ಪದವೊಂದು ಇಡಿಯಾಗಿ ಒಂದು ತುಂಡು. ಕನ್ನಡ ಹಾಗಲ್ಲ, ಒಂದೊಂದು ಅಕ್ಷರವೂ ಎರಡು ಮೂರು ಚೂರಾಗಿ ಒಡೆದು, ಅರ್ಥ ಎಲ್ಲೋ ಉದುರಿ ಹೋಗುತ್ತದೆ. ಹೊಸ ಮಾಡೆಲ್ಲುಗಳಿಗೆ ಕನ್ನಡ ತಿಳಿಯುತ್ತದೆ, ಆದರೆ ತೆನೆಯೆಂದರೆ ಮತ್ತೆ ಹೊಲವೇ.

ಹೆಸರನ್ನೆಲ್ಲ ಬಿಟ್ಟು ಆಕಾರವನ್ನಷ್ಟೇ ಹೇಳಬೇಕಾಯಿತು. ಸ್ಕೇಲು ತಂದು ಅಳೆದೆ. ಅಡ್ಡ ಪಟ್ಟೆ ಐದು, ಕೆಂಪಿನಿಂದ ಶುರು, ಕೆಂಪಿಗೆ ಮುಕ್ತಾಯ. ಪಟ್ಟೆಗಳು ಸೇರುವಲ್ಲಿ ಉದ್ದನೆಯ, ಕಿರಿದಾದ ತ್ರಿಕೋನಗಳು ಎದುರುಬದುರು, ಒಂದರ ಸಂದಿಗೆ ಇನ್ನೊಂದು. ಬರೆಯುತ್ತ ಬರೆಯುತ್ತ ಅದು ಫ್ಯಾಷನ್ ಪ್ರಾಂಪ್ಟ್ ಹೋಗಿ ಎಸ್‌ಎಸ್‌ಎಲ್‌ಸಿ ಜ್ಯಾಮಿತಿ ಪ್ರಶ್ನೆಯಾಯಿತು. ಜೊತೆಗೆ ಮಂಚದ ಮೇಲಿನ ಸೀರೆಯ ಫೋಟೋವನ್ನೂ ಕೊಟ್ಟು, ಇದನ್ನೇ ಉಡಿಸು ಎಂದೆ.

ಸಂಜೆ ಆರಕ್ಕೆ ಒಂದು ಚಿತ್ರ ಬಂತು ನೋಡಿ, ಎದೆ ಝಲ್ಲೆಂದಿತು. ಮೋಡದ ಬೆಳಕು, ಕಲ್ಲಿನ ಮನೆಯ ಕಟ್ಟೆ, ಮೂವತ್ತೈದರ ಆಸುಪಾಸಿನ ಎಣ್ಣೆಗಪ್ಪು ಮುಖದ ಹೆಂಗಸು, ಖಣದ ಕುಪ್ಪಸ, ಹಸಿರು ಮೈ, ಕೆಂಪು ಸೆರಗು, ಬಿಳಿ ಮೊನೆ. ಗೆಳತಿಗೆ ಕಳಿಸುವ ಮೊದಲು ಚಿಗವ್ವನ ವಾಟ್ಸಾಪಿಗೆ ಹಾಕಿದೆ. ಚಿಗವ್ವ ಇಳಕಲ್ಲಿನ ಹತ್ತಿರದ ಹಳ್ಳಿಯಾಕಿ. ಕಾಕಾ ಇರುವ ತನಕ ಮನೆಯಲ್ಲಿ ಎರಡು ಕುಣಿಮಗ್ಗ ಇದ್ದವು. ಕೊಂಡಿ ಹಾಕುವುದು ಅವಳ ಕೆಲಸ.

ಐದು ನಿಮಿಷಕ್ಕೆ ಫೋನು ಬಂತು.

"ಈಕಿ ಯಾರಬೇ? ಬೇಸಿ ಅದಾಳ."

"ಯಾರೂ ಅಲ್ಲ ಚಿಗವ್ವ. ಕಂಪ್ಯೂಟರ್ ಮಾಡಿದ್ದು."

"ಹಂಗಾರ ಕಂಪ್ಯೂಟರ್‌ಗೆ ಸೀರಿ ಉಡಾಕ ಬರೂದಿಲ್ಲ. ನಿರಿಗಿ ಎಲ್ಲಿಂದ ಬಂದಾವ ನೋಡು."

ಚಿತ್ರ ಹಿಗ್ಗಿಸಿ ನೋಡಿದೆ. ನಿರಿಗೆಗಳು ನಡುವಿನಿಂದ ಇಳಿದಿರಲಿಲ್ಲ, ತೊಡೆಯ ಮೇಲೆ ತಾವೇ ಹುಟ್ಟಿದ್ದವು. ಕುಪ್ಪಸದ ತೋಳಿನ ದಡಿ ಹಾಗೇ ಜಾರಿ ಸೆರಗಿನ ದಡಿಯೊಳಗೆ ಸೇರಿಕೊಂಡಿತ್ತು. ಇಡೀ ದಿನ ಅದೇ ಪರದೆಯನ್ನು ದಿಟ್ಟಿಸಿದವಳಿಗೆ ಇದು ಕಂಡಿರಲಿಲ್ಲ.

"ಕೆಂಪು ಎಷ್ಟದಾವ ಎಣಸು," ಅಂದಳು.

ನಾಲ್ಕು. ಬಿಳಿ ಮೂರು. ಐದು ಪಟ್ಟೆ ಎಂದು ಬರೆದಿದ್ದೆ, ಫೋಟೋ ಕೊಟ್ಟಿದ್ದೆ, ಆದರೂ ಏಳು.

"ಇರಲಿ, ಕೊಂಡಿ ಎಲ್ಲೈತಿ?"

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಗ್ಗಕ್ಕೆ ಉದ್ದಕ್ಕೆ ಕಟ್ಟುವ ಎಳೆಗಳಿಗೆ ಹಾಸು ಅಂತಾರೆ. ಇಳಕಲ್ ಸೀರೆಯ ಮೈಗೆ ಒಂದು ಹಾಸು, ಸೆರಗಿಗೆ ಬೇರೆಯೇ ಹಾಸು. ಮೈ ಹತ್ತಿಯದಿದ್ದರೂ ಸೆರಗು ರೇಷ್ಮೆ. ಮೈಯ ಎಳೆಗಳ ತುದಿಗೂ ಸೆರಗಿನ ಎಳೆಗಳ ತುದಿಗೂ ಕುಣಿಕೆಯೊಳಗೆ ಕುಣಿಕೆ ಹಾಕಿ ಒಂದೊಂದನ್ನೇ ಕೂಡಿಸುತ್ತಾರೆ. ಅದೇ ಕೊಂಡಿ. ಮುಗಿದ ಸೀರೆಯಲ್ಲಿ ಹಸಿರು ನಿಂತು ಕೆಂಪು ಶುರುವಾಗುವ ಗೆರೆ ಅದು. ಬೆರಳಾಡಿಸಿದರೆ ಅಲ್ಲೊಂದು ಸಣ್ಣ ಏರು ತಾಗುತ್ತದೆ. ಚಿಗವ್ವ ರಾತ್ರಿ ದೀಪ ಹತ್ತಿರ ಎಳೆದುಕೊಂಡು ಅದನ್ನು ಕೂಡಿಸುವುದನ್ನು ನಾನು ಬೇಸಿಗೆ ರಜೆಯಲ್ಲಿ ನೋಡಿದ್ದೇನೆ. ಆಗ ಮಾತಾಡಿಸಿದರೆ ಬೈಯುತ್ತಿದ್ದಳು.

ನನ್ನ ಚಿತ್ರದಲ್ಲಿ ಹಸಿರು ಮೆಲ್ಲಗೆ ಕಂದಾಗಿ, ಕಂದು ಮೆಲ್ಲಗೆ ಕೆಂಪಾಗಿತ್ತು. ನೋಡಲು ಸೊಗಸು. ಕೊಂಡಿ ಇರಲಿಲ್ಲ.

"ಅದು ಬಣ್ಣ ಕಲಿಸೇತಿ, ಸೀರಿ ನೇದಿಲ್ಲ," ಎಂದು ಹೇಳಿ ಚಿಗವ್ವ ಹಾಲಿನವನು ಬಂದನೆಂದು ಫೋನಿಟ್ಟಳು.

ಗೆಳತಿಗೆ ಆ ಚಿತ್ರ ಬಹಳ ಹಿಡಿಸಿತು. "ಯಾರು ಎಣಸ್ತಾರ ಲೇ?" ಎಂದಳು. ಅವಳ ಮಾತಿನಲ್ಲೂ ಹುರುಳಿದೆ. ಫೋನಿನ ಪರದೆಯಲ್ಲಿ ಬೆರಳು ಸರಿಸುತ್ತ ಹೋಗುವವರು ಪಟ್ಟೆ ಎಣಿಸುವುದಿಲ್ಲ. ಅಮೆರಿಕದ ವೋಗ್ ಪತ್ರಿಕೆಯ 2025ರ ಆಗಸ್ಟ್ ಸಂಚಿಕೆಯಲ್ಲೇ ಗೆಸ್ ಕಂಪನಿಯ ಜಾಹೀರಾತಿಗೆ ಎಐ ರೂಪದರ್ಶಿ ಬಂದು ಗಲಾಟೆಯಾಯಿತು. ಆ ಗಲಾಟೆ ಬಹುಪಾಲು ಮುಖದ್ದು, ಮಾಡೆಲ್‌ಗಳ ಹೊಟ್ಟೆಪಾಡಿನದ್ದು. ಅದು ನ್ಯಾಯವಾದ ಗಲಾಟೆಯೇ. ಆದರೆ ನನಗೆ ಆ ದಿನ ಚುಚ್ಚಿದ್ದು ಬಟ್ಟೆ. ಇಲ್ಲದ ಹೆಂಗಸನ್ನು ತೋರಿಸಿದರೆ ಕೊಳ್ಳುವವಳಿಗೆ ನಷ್ಟವಿಲ್ಲ, ಅವಳೇನು ಹೆಂಗಸನ್ನು ಕೊಳ್ಳುವುದಿಲ್ಲ. ಇಲ್ಲದ ಸೀರೆಯನ್ನು ತೋರಿಸಿ ಇರುವ ಸೀರೆಗೆ ದುಡ್ಡು ತೆಗೆದುಕೊಳ್ಳುವುದು ಬೇರೆ ಮಾತು. ಅದೂ ಜಿಐ, ಅಂದರೆ ಇಂಥ ಊರಿನದೇ ಎಂಬ ಭೌಗೋಳಿಕ ಗುರುತಿನ ಮಾನ್ಯತೆ ಇರುವ ಸೀರೆ. ಟೋಪ್ ತೆನಿ ಎಂದು ನಾನೇ ಕೆಳಗೆ ನಾಲ್ಕು ಸಾಲು ಬರೆದು, ಮೇಲೆ ಟೋಪ್ ತೆನಿ ಅಲ್ಲದ್ದನ್ನು ತೂಗುಹಾಕಬೇಕಲ್ಲ.

ಸ್ವಲ್ಪ ಜಗಳವಾಯಿತು. ಕೊನೆಗೆ ಆದ ಒಪ್ಪಂದ: ಪುಟದ ತಲೆಗೆ ಒಂದೇ ಒಂದು ಎಐ ಚಿತ್ರ, ಅದು ಎಐ ಎಂದು ಬರೆದು, ಸೆರಗು ಕಾಣದಂತೆ ಮುಂದಿನಿಂದ. ಸೀರೆಗಳದ್ದೆಲ್ಲ ನಿಜದ ಫೋಟೋ, ಕಿಟಕಿಯ ಪಕ್ಕದ ಗೋಡೆಗೆ ಮೊಳೆ ಹೊಡೆದು, ಹಗ್ಗಕ್ಕೆ ಹಾಕಿ, ನನ್ನ ಫೋನಿನಲ್ಲಿ. ಭಾನುವಾರ ಬೆಳಿಗ್ಗೆ ಒಂದೂವರೆ ತಾಸಿನಲ್ಲಿ ಆರೂ ಸೀರೆ ಮುಗಿದವು. ಒಂದು ಫೋಟೋದಲ್ಲಿ ಕೊಂಡಿಯ ಗೆರೆಯನ್ನು ಹತ್ತಿರದಿಂದ ತೆಗೆದಿದ್ದೆ, ಬೆರಳ ತುದಿ ಇಟ್ಟು. ಉಗುರಿನಲ್ಲಿ ಅರಿಶಿನ ಇತ್ತು, ಹಾಗೇ ಹೋಯಿತು.

ಆ ಶನಿವಾರದ ಪ್ರಾಂಪ್ಟುಗಳನ್ನೆಲ್ಲ ಒಂದು ಫೈಲಿನಲ್ಲಿ ಇಟ್ಟಿದ್ದೇನೆ. 63 ಇವೆ. ಕೊನೆಯದು ಎಷ್ಟು ಉದ್ದವೆಂದರೆ ಅದನ್ನೇ ತುಸು ತಿದ್ದಿ ಸೀರೆಯ ವಿವರಣೆಯಾಗಿ ಹಾಕಿದೆವು. ಪಟ್ಟೆ ಐದು, ಮೊನೆಗಳು ಎದುರುಬದುರು, ಎಲ್ಲ ಇತ್ತಲ್ಲ. ಹೆಸರುಗಳನ್ನು ಮಾತ್ರ ವಾಪಸ್ ಸೇರಿಸಿದೆ.

ಮುಂದಿನ ವಾರ ಗೆಳತಿಯಿಂದ ಇನ್ನೊಂದು ಪಾರ್ಸಲ್ ಬಂತು. ಈ ಸಲ ಗುಳೇದಗುಡ್ಡದ ಖಣ, ಮೂವತ್ತು ತುಂಡು. ಜೊತೆಗೊಂದು ಚೀಟಿ: "ಇದು ಬರೀ ಕುಪ್ಪಸದ ಬಟ್ಟಿ, ಸೆರಗಿಲ್ಲ, ಕೊಂಡಿ ಇಲ್ಲ. ಇದಕ್ಕರ ಪ್ರಾಂಪ್ಟ್ ಬರಿ." ಮೇಲಿನ ಕಟ್ಟು ಬಿಚ್ಚಿದೆ. ನೇಕಾರರು ಪೆನ್ನಿನಲ್ಲಿ ವಿನ್ಯಾಸದ ಹೆಸರು ಬರೆದು ಸಿಕ್ಕಿಸಿದ್ದರು. ಆನೆ ಹೆಜ್ಜೆ.