ಸಜ್ಜಿ ರೊಟ್ಟಿ, ಬಡ್ಡಿ ಲೆಕ್ಕ

ಗದಗ, 11 ಜನವರಿ 2026, ರವಿವಾರ

ಸಂಕ್ರಾಂತಿಯ ಸಜ್ಜಿ ರೊಟ್ಟಿ ಇವತ್ತೇ ಮುಗಿಸಿದೆವು. ಮುಗಿಸಿದೆವು ಅಂದರೆ, ಬಡಿದದ್ದು ಭಾಂಡೆ ತಿಕ್ಕಲು ಬರುವ ಅವ್ವ. ನಾನು ಎಳ್ಳು ಉದುರಿಸಿದೆ, ಅಷ್ಟೇ.

ನಡುವೆ ತಮ್ಮ ವಾಟ್ಸಾಪ್‌ನಲ್ಲಿ ಬಂದದ್ದನ್ನು ಓದಿ ಹೇಳಿದ. ಸಮಾನತೆಯಲ್ಲಿ ಭಾರತಕ್ಕೆ ಜಗತ್ತಿನಲ್ಲೇ ನಾಲ್ಕನೇ ಸ್ಥಾನವಂತೆ! ಹೋದ ವರ್ಷ ಜುಲೈನಲ್ಲಿ ಸರ್ಕಾರವೇ ಹೇಳಿದ ಮಾತದು, ಅಸಮಾನತೆ ಅಳೆಯುವ ಜಿನಿ ಸೂಚ್ಯಂಕ 25.5 ಅಂತ. ಅದು ಕಡಿಮೆ ಇದ್ದಷ್ಟೂ ಸಮಾನತೆ ಹೆಚ್ಚು. ಸುಳ್ಳಲ್ಲ. ಆದರೆ ಅದು ಯಾರು ಎಷ್ಟು ಖರ್ಚು ಮಾಡುತ್ತಾರೆ ಅನ್ನುವ ಲೆಕ್ಕ. ಎಷ್ಟೋ ದೇಶಗಳದ್ದು ಆದಾಯದ ಲೆಕ್ಕ. ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಹೇಗೆ? ಆಸ್ತಿಯ ಕಡೆ ನೋಡಿದರೆ ಬೇರೆಯೇ ಕಥೆ. ಪ್ಯಾರಿಸ್‌ನ ವರ್ಲ್ಡ್ ಇನೀಕ್ವಾಲಿಟಿ ಲ್ಯಾಬ್ 2024ರಲ್ಲಿ ಹಾಕಿದ ಅಂದಾಜಿನ ಪ್ರಕಾರ, ದೇಶದ ಆಸ್ತಿಯಲ್ಲಿ ಶೇ. 40.1 ಮೇಲಿನ ಶೇ. 1 ಜನರ ಹತ್ತಿರ ಇದೆ.

ತಮ್ಮ ಒಪ್ಪಲಿಲ್ಲ. ನಾನು ಹಂಚಿನ ಮುಂದೆ ಕೂತ ಅವ್ವನ ಕಡೆ ನೋಡಿದೆ. ಹೋದ ವರ್ಷದ ಹಿಂದಿನ ನವೆಂಬರ್‌ನಲ್ಲಿ ಮಗನ ಕಾಲು ಮುರಿದಾಗ ಆಕೆ 20,000 ರೂಪಾಯಿ ಸಾಲ ತಂದಳು. ಆಸ್ಪತ್ರೆಗೆ ಕಟ್ಟಿದಳು. ಖರ್ಚಿನ ಲೆಕ್ಕದಲ್ಲಿ ಆ ತಿಂಗಳು ಆಕೆ ನಮ್ಮ ಸಮಕ್ಕೆ ಬಂದಿರಬೇಕು, ಅಲ್ವಾ?

ಬಡ್ಡಿ ನೂರಕ್ಕೆ ಐದು. ತಿಂಗಳಿಗೆ 1,000. ನಾನು ಕ್ಯಾಲೆಂಡರ್ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದೆ: 14 ತಿಂಗಳು, 14,000 ಹೋಯಿತು, ಅಸಲು ಹಾಗೇ 20,000. ಗೃಹಲಕ್ಷ್ಮಿ ದುಡ್ಡು ಬಂದರೆ ಅರ್ಧ ಅಲ್ಲಿಗೇ. ನಮ್ಮ ಮನೆ ಸಾಲದ ಬಡ್ಡಿ ವರ್ಷಕ್ಕೆ ನೂರಕ್ಕೆ ಎಂಟೂವರೆ. ಅಷ್ಟೇ ದುಡ್ಡಿಗೆ ನಾನು ವರ್ಷಕ್ಕೆ ಕಟ್ಟುವುದು 1,700, ಆಕೆ ಎರಡು ತಿಂಗಳಿಗೇ 2,000. ದುಡ್ಡು ಇದ್ದವರಿಗೇ ದುಡ್ಡು ಸೋವಿ.

ದೊಡ್ಡ ಸತ್ಯ ಕಂಡುಹಿಡಿದವಳ ಹಾಗೆ ಓದಿ ಹೇಳಿದೆ. "ಇಷ್ಟ ಕೊಟ್ಟೀಯಲ್ಲ ಬೇ, ಗೊತ್ತೈತೇನ?"

"ಲೆಕ್ಕ ಗೊತ್ತೈತ್ರೀ ಅಕ್ಕಾರ. ರಾತ್ರಿ ಹನ್ನೊಂದಕ್ಕ ಬ್ಯಾಂಕ್ ತಗದಿರತೈತೇನ್ರಿ?"

ತಮ್ಮ ಮೊಬೈಲ್ ಕೆಳಗಿಟ್ಟ.

ಇಲ್ಲೇ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲೇ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಶಾಲೆಯಲ್ಲಿ ಇದ್ದಾಗ ಎದೆಯುಬ್ಬಿಸಿ ಹೇಳುತ್ತಿದ್ದೆವು. ಹೊಲ ಇಲ್ಲದ, ಜಾಮೀನು ನಿಲ್ಲುವವರಿಲ್ಲದ ಈಕೆಗೆ ಯಾವ ಸಂಘದ ಬಾಗಿಲು ತೆರೆದೀತು?

ದೀಪಾವಳಿಗೆ ನಾನು 2,000 ಕೊಟ್ಟಿದ್ದೆ, ಸೀರೆ ತಗೋ ಅಂತ. ಆ ವಾರವೆಲ್ಲ ಮನಸ್ಸಿಗೆ ಹಾಯೆನಿಸಿತ್ತು. ಸೀರೆ ಎಲ್ಲಿ ಅಂತ ಕೇಳಿದ್ದೂ ಇಲ್ಲ. ಎರಡು ತಿಂಗಳ ಬಡ್ಡಿಗೆ ಹೋಯಿತಂತೆ, ಇವತ್ತು ಗೊತ್ತಾಯಿತು. ಸಾಲ ಕೊಟ್ಟವನಿಗೆ ನಾನೇ ಹಬ್ಬದ ಉಡುಗೊರೆ ಕೊಟ್ಟ ಹಾಗಾಯಿತು.

ಹಿಟ್ಟಿನ ಕೈ ಒರೆಸಿಕೊಂಡು ಆಕೆಯೇ ಮಾತು ತೆಗೆದಳು. "ಕೊಡೂದಿದ್ರ ಹಂಗ ಬ್ಯಾಡ್ರಿ. ಹತ್ತ ಸಾವಿರ ಮುಂಗಡ ಕೊಡ್ರಿ. ಅಸಲ ಅರ್ಧ ಹರೀತೈತಿ. ತಿಂಗಳಾ ಪಗಾರದಾಗ ಐದನೂರ ಹಿಡಕೊಳ್ರಿ."

ಅಂದರೆ 20 ತಿಂಗಳು. ಬಡ್ಡಿಯಲ್ಲಿ ಉಳಿಯುವ 500ರಿಂದಲೇ ಮುಂಗಡ ತೀರುತ್ತದೆ. ನನ್ನ ಪೆನ್ಸಿಲ್ ಅಷ್ಟು ದೂರ ಹೋಗಿರಲಿಲ್ಲ.

2,000 ಸುಲಭವಾಗಿ ಕೈಬಿಟ್ಟವಳಿಗೆ 10,000 ಅಂದಾಗ ಗಂಟಲು ಕಟ್ಟಿತು. ನಡುವೆ ಕೆಲಸ ಬಿಟ್ಟರೆ? ಈ ಯೋಚನೆ ಬಂದದ್ದು ನಿಜ, ಬರೆಯದೆ ಇರಲಾರೆ. ಎರಡು ವರ್ಷದಿಂದ ಪಗಾರ ಏರಿಸಿಲ್ಲ ಅನ್ನುವುದೂ ಆಗಲೇ ನೆನಪಾಯಿತು.

"ನಾಳೆ ಹೇಳ್ತೀನಿ ಬೇ" ಅಂದೆ.

"ಹದಿನೈದಕ್ಕ ಆಂವ ಬರ್ತಾನ್ರೀ" ಅಂದು ಹಂಚಿನ ಮೇಲಿನ ರೊಟ್ಟಿ ತಿರುವಿದಳು.