ಮ್ಯಾನೇಜರ್‌ಗಿಂತ ನಿನಗೆ ಜಾಸ್ತಿ ಗೊತ್ತಾ?

ಈ ಪ್ರಶ್ನೆಯನ್ನು ನನಗೆ ಮೊದಲು ಕೇಳಿದ್ದು ನಮ್ಮ ಭಾವ. ಆಮೇಲೆ ಆಫೀಸಿನವರು ಕೇಳಿದರು, ಗೆಳೆಯರು ಕೇಳಿದರು, ಒಂದು ಸಲ ಅಮ್ಮನೂ ಕೇಳಿದಳು. ಆಗುವುದು ಪ್ರತಿ ಸಲ ಒಂದೇ. ಫುಟ್‌ಬಾಲ್ ಪಂದ್ಯ ಶುರುವಾಗುವ ಸುಮಾರು ಒಂದು ಗಂಟೆ ಮುಂಚೆ, ತಂಡದ ಮ್ಯಾನೇಜರ್, ಅಂದರೆ ಕೋಚ್, ಆರಿಸಿದ ಹನ್ನೊಂದು ಜನರ ಪಟ್ಟಿ ಬರುತ್ತದೆ. ನಾನು ಫೋನ್ ನೋಡಿ "ಅಯ್ಯೋ, ಇವನನ್ನ ಯಾಕೆ ಹಾಕಿದ?" ಅನ್ನುತ್ತೇನೆ. ಪಕ್ಕದಿಂದ ಭಾವನ ದನಿ ಬರುತ್ತದೆ: "ಅವನು ದಿನಾ ಹುಡುಗರ ಜೊತೆ ಇರೋನು ಕಣೋ. ಅವನಿಗಿಂತ ನಿನಗೆ ಜಾಸ್ತಿ ಗೊತ್ತಾ?"

ಇಲ್ಲ, ಗೊತ್ತಿಲ್ಲ. ಆದರೂ ಮಾತಾಡುತ್ತೇನೆ. ಯಾಕೆ ಅಂತ ಒಂದು ಸಲ ಬರೆದಿಟ್ಟುಬಿಡೋಣ ಅನ್ನಿಸಿತು.

ಈ ಪ್ರಶ್ನೆಗೆ ಅಭಿಮಾನಿಗಳು ಸಾಮಾನ್ಯವಾಗಿ ಕೊಡುವ ಉತ್ತರ ಒಂದಿದೆ. ಉಪ್ಪು ಜಾಸ್ತಿಯಾಗಿದೆ ಅಂತ ಹೇಳೋಕೆ ಅಡುಗೆ ಬರಬೇಕಾಗಿಲ್ಲ, ಅಂತ. ಕೇಳೋಕೆ ಚೆನ್ನಾಗಿದೆ. ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಅಡುಗೆಯಲ್ಲಿ ಉಪ್ಪು ಜಾಸ್ತಿಯಾದರೆ ಅದು ಜಾಸ್ತಿಯೇ, ತಿಂದವರಿಗೆಲ್ಲ ಗೊತ್ತಾಗುತ್ತದೆ. ಫುಟ್‌ಬಾಲ್ ಹಾಗಲ್ಲ. ತಪ್ಪು ತಂಡ ಕಟ್ಟಿಯೂ ಗೆಲ್ಲಬಹುದು, ಸರಿಯಾದ ತಂಡ ಇಳಿಸಿಯೂ ಸೋಲಬಹುದು. ಒಂದು ಪಂದ್ಯದಲ್ಲಿ ಬೀಳುವುದೇ ಎರಡೋ ಮೂರೋ ಗೋಲು. ಚೆಂಡು ಕಂಬಕ್ಕೆ ಬಡಿದು ಒಳಗೆ ಹೋದರೆ ಮ್ಯಾನೇಜರ್ ಮಹಾಜಾಣ, ಹೊರಗೆ ಬಂದರೆ ದಡ್ಡ. ಸ್ಕೋರು ನೋಡಿಕೊಂಡು ಬಯ್ಯುವುದು ಗೆದ್ದೆತ್ತಿನ ಬಾಲ ಹಿಡಿಯುವ ಕೆಲಸ.

ನಾನೂ ಬಹಳ ವರ್ಷ ಅದನ್ನೇ ಮಾಡುತ್ತಿದ್ದೆ. ಈಗ ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೇನೆ. ಪಟ್ಟಿ ಬಂದ ತಕ್ಷಣ, ಕಿಕ್‌ಆಫ್‌ಗೆ ಮುಂಚೆ, ಎರಡು ಸಾಲು ಬರೆಯುತ್ತೇನೆ. ಪೆನ್ನಿನಲ್ಲೇ. ಪಂದ್ಯ ಮುಗಿದ ಮೇಲೆ ತಿದ್ದುವ ಹಾಗಿಲ್ಲ. ಇದರಿಂದ ನನಗೆ ಆಗಿರುವ ಅವಮಾನ ಅಷ್ಟಿಷ್ಟಲ್ಲ.

2022ರ ವಿಶ್ವಕಪ್‌ನ ಪುಟ ತೆಗೆಯುತ್ತೇನೆ. ಡಿಸೆಂಬರ್ 6, ಪೋರ್ಚುಗಲ್ ಮತ್ತು ಸ್ವಿಟ್ಜರ್ಲೆಂಡ್ ನಡುವಿನ ನಾಕೌಟ್ ಪಂದ್ಯ. ಮ್ಯಾನೇಜರ್ ಫೆರ್ನಾಂಡೊ ಸಾಂಟೋಸ್ ಕ್ರಿಸ್ಟಿಯಾನೊ ರೊನಾಲ್ಡೊನನ್ನು ಬೆಂಚಿನಲ್ಲಿ ಕೂರಿಸಿದರು. ಅವನ ಜಾಗಕ್ಕೆ 21 ವರ್ಷದ ಗೊನ್ಸಾಲೊ ರಾಮೋಸ್. ಪೋರ್ಚುಗಲ್ ಪರ ಆ ಹುಡುಗ ಅಲ್ಲಿಯವರೆಗೆ ಒಂದು ಪಂದ್ಯವನ್ನೂ ಶುರುವಿನಿಂದ ಆಡಿರಲಿಲ್ಲ. ನನ್ನ ನೋಟ್‌ಬುಕ್‌ನಲ್ಲಿ ಇರುವುದು ಇಷ್ಟು: "ರೊನಾಲ್ಡೊ ಇಲ್ಲ. ತಪ್ಪು. ನಾಕೌಟ್‌ನಲ್ಲಿ ಹುಚ್ಚಾಟ ಬೇಡ." 'ಹುಚ್ಚಾಟ'ದ ಕೆಳಗೆ ಗೆರೆ ಬೇರೆ ಎಳೆದಿದ್ದೇನೆ. ಪೋರ್ಚುಗಲ್ 6-1ರಿಂದ ಗೆದ್ದಿತು. ರಾಮೋಸ್ ಹ್ಯಾಟ್ರಿಕ್ ಹೊಡೆದ.

ನಾಲ್ಕು ದಿನದ ನಂತರ ಕ್ವಾರ್ಟರ್‌ಫೈನಲ್, ಎದುರಿಗೆ ಮೊರಾಕೊ. ಸಾಂಟೋಸ್ ಮತ್ತೆ ರಾಮೋಸ್‌ನನ್ನೇ ಆಡಿಸಿದರು. ನೋಟ್‌ಬುಕ್: "ಈಗ ಸರಿ." ಪೋರ್ಚುಗಲ್ 0-1ರಿಂದ ಸೋತು ಮನೆಗೆ ಹೋಯಿತು. ರೊನಾಲ್ಡೊ 51ನೇ ನಿಮಿಷಕ್ಕೆ ಒಳಗೆ ಬಂದ, ಗೋಲು ಬರಲಿಲ್ಲ. ಮಂಗಳವಾರ ಧೈರ್ಯವಂತ ಅನ್ನಿಸಿಕೊಂಡವರು ಶನಿವಾರಕ್ಕೆ ತಲೆಕೆಟ್ಟವರಾದರು. ಅದೇ ತಿಂಗಳು ಕೆಲಸವನ್ನೂ ಬಿಟ್ಟರು. ತೀರ್ಮಾನ ಮಾತ್ರ ಎರಡೂ ದಿನ ಒಂದೇ.

ಹಾಗಾದರೆ ಯಾವ ದಿನ ಸರಿ, ಯಾವ ದಿನ ತಪ್ಪು? ನನಗೆ ಈಗ ಅನ್ನಿಸುವುದು, ನಾನು ಎರಡು ಸಲವೂ ಯೋಚನೆಯನ್ನೇ ಮಾಡಿರಲಿಲ್ಲ. ಮೊದಲ ಸಲ ಹೆಸರು ನೋಡಿ ಬರೆದೆ, ಎರಡನೇ ಸಲ ಹಿಂದಿನ ಸ್ಕೋರು ನೋಡಿ ಬರೆದೆ. ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇತ್ತು. ಮೊರಾಕೊ ಹಿಂದೆ ಸರಿದು, ಗುಂಪಾಗಿ ನಿಂತು ಆಡುವ ತಂಡ. ಆ ಹೊತ್ತಿಗೆ ಇಡೀ ಟೂರ್ನಿಯಲ್ಲಿ ಅವರು ಬಿಟ್ಟುಕೊಟ್ಟಿದ್ದು ಒಂದೇ ಗೋಲು, ಅದೂ ಅವರದೇ ಆಟಗಾರ ಹೊಡೆದುಕೊಂಡಿದ್ದು. ಅಂಥವರ ಎದುರು ಡಿಫೆಂಡರ್‌ಗಳ ಹಿಂದೆ ಓಡೋಕೆ ಜಾಗವೇ ಇರೋದಿಲ್ಲ. ಓಡಿ ಗೋಲು ಹೊಡೆಯುವ ಸ್ಟ್ರೈಕರ್ ಬೇಕಾ, ಗೋಲಿನ ಮುಂದಿನ ಬಾಕ್ಸಿನಲ್ಲಿ ಎಗರಿ ತಲೆಯಿಂದ ಹೊಡೆಯುವ ರೊನಾಲ್ಡೊನಂಥವನು ಬೇಕಾ? ವಾದ ಮಾಡುವುದಾದರೆ ಇದರ ಮೇಲೆ ಮಾಡಬೇಕಿತ್ತು.

ಮ್ಯಾನೇಜರ್‌ಗೆ ಗೊತ್ತಿದ್ದು ನಮಗೆ ಗೊತ್ತಿಲ್ಲದ್ದು ಬೆಟ್ಟದಷ್ಟಿದೆ ಅನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಯಾರ ತೊಡೆ ಹಿಡಿದುಕೊಂಡಿದೆ, ಯಾರಿಗೆ ನಿನ್ನೆ ರಾತ್ರಿ ನಿದ್ದೆ ಬಂದಿಲ್ಲ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಇದೆಲ್ಲ ಟಿವಿಯಲ್ಲಿ ಕಾಣೋದಿಲ್ಲ. ನಾವು 90 ನಿಮಿಷ ನೋಡುತ್ತೇವೆ, ಅವರು ವಾರಪೂರ್ತಿ ನೋಡುತ್ತಾರೆ. ಆದರೆ ನಮಗೆ ಕಾಣುವುದೂ ಸ್ವಲ್ಪ ಇದೆ. ಮೈದಾನದಲ್ಲಿ ಎಲ್ಲಿ ಜಾಗ ಖಾಲಿ ಬಿದ್ದಿದೆ, ಆ ಜಾಗಕ್ಕೆ ಯಾರನ್ನು ನಿಲ್ಲಿಸಿದ್ದಾರೆ ಅನ್ನುವುದು ಬಚ್ಚಿಡೋಕೆ ಬರೋದಿಲ್ಲ.

ಭಾವ ಈ ಮಾತಿಗೆ ಒಪ್ಪದೇ ಇದ್ದಾಗಲೆಲ್ಲ ನಾನು ಯೂರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್‌ನ 2021ರ ಫೈನಲ್ ತೆಗೆಯುತ್ತೇನೆ. ಮೇ 29, ಪೋರ್ಚುಗಲ್‌ನ ಪೋರ್ಟೊದಲ್ಲಿ. ಮ್ಯಾಂಚೆಸ್ಟರ್ ಸಿಟಿ ಮತ್ತು ಚೆಲ್ಸಿ, ಎರಡೂ ಇಂಗ್ಲೆಂಡಿನ ಕ್ಲಬ್‌ಗಳು. ಸಿಟಿಯ ಮ್ಯಾನೇಜರ್ ಪೆಪ್ ಗಾರ್ಡಿಯೋಲಾ, ಈ ಕಾಲದ ದೊಡ್ಡ ತಲೆ, ಅದರಲ್ಲಿ ಎರಡು ಮಾತಿಲ್ಲ. ಸಿಟಿಯ ಡಿಫೆನ್ಸ್ ಮುಂದೆ ಕಾವಲು ನಿಲ್ಲುತ್ತಿದ್ದವರು ಇಬ್ಬರು, ರೋಡ್ರಿ ಇಲ್ಲವೇ ಫೆರ್ನಾಂಡಿನೊ. ಆ ಸೀಸನ್ನಿನ ಹೆಚ್ಚುಕಡಿಮೆ ಎಲ್ಲ ಪಂದ್ಯಗಳಲ್ಲಿ ಇಬ್ಬರಲ್ಲಿ ಒಬ್ಬರಾದರೂ ಶುರುವಿನಿಂದ ಆಡಿದ್ದರು. ಫೈನಲ್‌ನಲ್ಲಿ ಇಬ್ಬರೂ ಹೊರಗೆ! ಆ ಜಾಗಕ್ಕೆ ಇಲ್ಕಾಯ್ ಗುಂಡೋಗನ್. ಅವನು ಆ ವರ್ಷ ಸಿಟಿಗೆ ಅತಿ ಹೆಚ್ಚು ಗೋಲು ಹೊಡೆದವನು, ಅಂದರೆ ಮುಂದೆ ನುಗ್ಗಬೇಕಾದವನು. ಅವನನ್ನು ತಂದು ಬಾಗಿಲು ಕಾಯೋಕೆ ನಿಲ್ಲಿಸಿದ ಹಾಗಾಯಿತು.

ನೋಟ್‌ಬುಕ್: "ಮಧ್ಯದಲ್ಲಿ ಕಾಯೋರು ಇಲ್ಲ. ಅಲ್ಲಿಂದಲೇ ಬರುತ್ತೆ."

42ನೇ ನಿಮಿಷ. ಚೆಲ್ಸಿಯ ಮೇಸನ್ ಮೌಂಟ್ ಎಡಗಡೆ ಚೆಂಡು ಹಿಡಿದು ತಲೆ ಎತ್ತಿ ನೋಡುತ್ತಾನೆ. ಅವನನ್ನು ಅಡ್ಡಗಟ್ಟೋಕೆ ಹತ್ತಿರದಲ್ಲಿ ಯಾರೂ ಇಲ್ಲ. ಮುಂದೆ ಟಿಮೊ ವೆರ್ನರ್ ಓಡಿ ಒಬ್ಬ ಡಿಫೆಂಡರ್‌ನನ್ನು ತನ್ನ ಹಿಂದೆ ಎಳೆದುಕೊಂಡು ಹೋಗುತ್ತಾನೆ. ಬಾಗಿಲು ತೆರೆದ ಹಾಗೆ ಮಧ್ಯದಲ್ಲಿ ಜಾಗ ಬಿಡುತ್ತದೆ. ಮೌಂಟ್ ಚೆಂಡನ್ನು ಅಲ್ಲಿಗೇ ತಳ್ಳುತ್ತಾನೆ. ಕೈ ಹಾವರ್ಟ್ಜ್ ಓಡಿಬಂದು ಗೋಲ್‌ಕೀಪರ್‌ನನ್ನು ದಾಟಿ ಖಾಲಿ ಗೋಲಿಗೆ ಚೆಂಡು ಸೇರಿಸುತ್ತಾನೆ. 1-0. ಅಷ್ಟೇ ಫೈನಲ್.

ನಾನು ಸರಿ ಅಂತ ಕುಣಿದೆ. ಭಾವ ಎರಡು ದಿನ ಬಿಟ್ಟು ಒಂದು ಪ್ರಶ್ನೆ ಕೇಳಿದರು. "ಅದೇ ಚೆಲ್ಸಿ ಎದುರು ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಎಫ್‌ಎ ಕಪ್ ಸೆಮಿಫೈನಲ್ ಆಡಿದಾಗ ನಿನ್ನ ರೋಡ್ರಿ, ಫೆರ್ನಾಂಡಿನೊ ಇಬ್ಬರೂ ಇದ್ರಲ್ಲ. ಏನಾಯ್ತು?" ಸಿಟಿ ಆಗಲೂ 0-1ರಿಂದ ಸೋತಿತ್ತು. ಮೇ ತಿಂಗಳ ಲೀಗ್ ಪಂದ್ಯದಲ್ಲೂ ಸೋತಿತ್ತು. ಹಳೆ ದಾರಿ ಎರಡು ಸಲ ಮುಚ್ಚಿದ್ದನ್ನು ನೋಡಿ ಗಾರ್ಡಿಯೋಲಾ ಹೊಸ ದಾರಿ ಹುಡುಕಿರಬೇಕು. ಚೆಂಡನ್ನು ತಾವೇ ಇಟ್ಟುಕೊಂಡರೆ ಕಾವಲುಗಾರನೇ ಬೇಡ ಅನ್ನುವ ಲೆಕ್ಕ. ನನಗೆ ಆ ಲೆಕ್ಕ ಈಗಲೂ ತಪ್ಪು ಅನ್ನಿಸುತ್ತದೆ. ಆದರೆ ಅದನ್ನು ಹುಚ್ಚು ಅನ್ನೋದು ಬಿಟ್ಟಿದ್ದೇನೆ. 2023ರಲ್ಲಿ ಸಿಟಿ ಮತ್ತೆ ಫೈನಲ್‌ಗೆ ಬಂತು, ಇಂಟರ್ ಮಿಲಾನ್ ಎದುರು 1-0 ಗೆದ್ದಿತು. ಗೋಲು ಹೊಡೆದವನು ರೋಡ್ರಿ. ಆ ರಾತ್ರಿ ಭಾವನಿಗೆ ನಾನು ಕಳಿಸಿದ ಮೆಸೇಜ್ ಇಲ್ಲಿ ಬರೆಯುವಂಥದ್ದಲ್ಲ.

ಫಾರ್ಮೇಶನ್, ಅಂದರೆ ಹಿಂದೆ, ಮಧ್ಯೆ, ಮುಂದೆ ಎಷ್ಟೆಷ್ಟು ಜನ ನಿಲ್ಲಬೇಕು ಅನ್ನುವುದರ ಬಗ್ಗೆ ಕಚ್ಚಾಡುವವರ ಜೊತೆ ಮಾತ್ರ ನಾನು ಕೂರುವುದಿಲ್ಲ. 4-3-3 ಬೇಕು, 3-5-2 ಬೇಕು ಅಂತ. ಅದು ರೆಫರಿ ಸೀಟಿ ಊದುವವರೆಗೆ ನಿಲ್ಲುವ ಸಂಖ್ಯೆ. ಚೆಂಡು ತಂಡಕ್ಕೆ ಸಿಕ್ಕಾಗ ಡಿಫೆನ್ಸ್‌ನ ಅಂಚಿನಲ್ಲಿ ಆಡುವ ಫುಲ್‌ಬ್ಯಾಕ್ ಒಬ್ಬ ಮಿಡ್‌ಫೀಲ್ಡಿಗೆ ಬರುತ್ತಾನೆ, ಇನ್ನೊಬ್ಬ ಅಂಚಿನಲ್ಲೇ ಮುಂದೆ ಓಡುವ ವಿಂಗರ್ ಆಗುತ್ತಾನೆ. ಅದೇ ನಾಲ್ಕು ಮೂರಾಗಿ, ಮೂರು ಐದಾಗಿರುತ್ತದೆ. ಯಾರಿಗೆ ಯಾವ ಕೆಲಸ ಕೊಟ್ಟಿದ್ದಾರೆ ಅನ್ನುವುದು ಮುಖ್ಯ.

ಈ 'ಕೆಲಸ' ಅನ್ನುವುದನ್ನು ನನಗೆ ಕಲಿಸಿದ್ದು ಫ್ರಾನ್ಸ್‌ನ ಸ್ಟ್ರೈಕರ್ ಒಲಿವಿಯರ್ ಜಿರೂ. 2018ರ ವಿಶ್ವಕಪ್. ಫ್ರಾನ್ಸ್ ತನ್ನ ಮೊದಲ ಪಂದ್ಯದಲ್ಲಿ ಎಂಬಾಪೆ, ಗ್ರೀಸ್‌ಮನ್, ಡೆಂಬೆಲೆ ಮೂವರನ್ನೂ ಮುಂದೆ ಬಿಟ್ಟಿತು. ಮೂವರೂ ಚಿರತೆಗಳು. ಆಸ್ಟ್ರೇಲಿಯಾ ಎದುರು ತಿಣುಕಾಡಿ 2-1 ಗೆದ್ದರು. ಗೆಲುವಿನ ಗೋಲು ಬಂದಿದ್ದು ಜಿರೂ ಬೆಂಚಿನಿಂದ ಬಂದ ಮೇಲೆ, ಅವನ ಜೊತೆ ಪಾಸ್ ಆಡಿಕೊಂಡು ಪೋಗ್ಬಾ ಮುಂದೆ ನುಗ್ಗಿದಾಗ. ಮುಂದಿನ ಪಂದ್ಯದಿಂದ ಮ್ಯಾನೇಜರ್ ಡಿಡಿಯೆ ದೆಶಾಂ ಜಿರೂನನ್ನು ಹಾಕಿದರು. ಫೈನಲ್‌ವರೆಗೂ ತೆಗೆಯಲಿಲ್ಲ. ಫ್ರಾನ್ಸ್ ಕಪ್ ಗೆದ್ದಿತು. ಜಿರೂ ಹೊಡೆದ ಗೋಲು ಸೊನ್ನೆ. ಗೋಲು ಬಿಡಿ, ಇಡೀ ಟೂರ್ನಿಯಲ್ಲಿ ಗುರಿಯತ್ತ ಸರಿಯಾಗಿ ಹೋದ ಒಂದು ಹೊಡೆತವೂ ಇರಲಿಲ್ಲ. ನಂಬರ್ 9 ಹಾಕಿಕೊಂಡ ಸ್ಟ್ರೈಕರ್!

ಪ್ರತಿ ಪಂದ್ಯದ ಮುಂಚೆ "ಜಿರೂನನ್ನು ತೆಗೀರಿ" ಅಂತ ನಾನು ಬರೆದ ಪುಟಗಳಿವೆ. ಆಮೇಲೊಂದು ದಿನ ಚೆಂಡನ್ನು ಬಿಟ್ಟು ಸುಮ್ನೆ ಅವನೊಬ್ಬನನ್ನೇ ಇಪ್ಪತ್ತು ನಿಮಿಷ ನೋಡಿದೆ. ಅವನು ಎದುರಾಳಿ ಡಿಫೆನ್ಸ್‌ನ ನಡುವೆ ಆಡುವ ಇಬ್ಬರು ಸೆಂಟರ್‌ಬ್ಯಾಕ್‌ಗಳಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ. ಅವರು ತಳ್ಳುತ್ತಿದ್ದರು, ಇವನು ಅಲ್ಲಾಡುತ್ತಿರಲಿಲ್ಲ. ಉದ್ದ ಪಾಸ್ ಬಂದರೆ ಎದೆಯಲ್ಲಿ ಹಿಡಿದು ಗ್ರೀಸ್‌ಮನ್‌ಗೆ ಇಳಿಸುತ್ತಿದ್ದ. ಆ ಇಬ್ಬರು ಇವನಿಗೆ ಅಂಟಿಕೊಂಡಷ್ಟೂ ಎಂಬಾಪೆಗೆ ರನ್‌ವೇ ಸಿಗುತ್ತಿತ್ತು. 1998ರಲ್ಲಿ ಫ್ರಾನ್ಸ್ ಮೊದಲ ಸಲ ಕಪ್ ಗೆದ್ದಾಗಲೂ ಅವರ ಸ್ಟ್ರೈಕರ್ ಸ್ಟೆಫಾನ್ ಗಿವಾರ್ಶ್ ಒಂದೂ ಗೋಲು ಹೊಡೆದಿರಲಿಲ್ಲ ಅನ್ನುವುದು ಆಮೇಲೆ ನೆನಪಾಯಿತು. ಆ ತಂಡದ ನಾಯಕ ಇದೇ ದೆಶಾಂ. ಒಂದು ಸಲ ಕಣ್ಣಾರೆ ಕಂಡವರು, ಅಲ್ವಾ.

ಇನ್ನು ಸಬ್‌ಸ್ಟಿಟ್ಯೂಶನ್, ಪಂದ್ಯದ ನಡುವೆ ಆಟಗಾರರನ್ನು ಬದಲಾಯಿಸುವುದು. ಅಭಿಮಾನಿಗಳ ಗಂಟಲು ಹರಿಯುವುದೇ ಇಲ್ಲಿ. 2014ರ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ನೆದರ್‌ಲೆಂಡ್ಸ್ ಮತ್ತು ಕೋಸ್ಟರಿಕಾ 0-0 ಆಡುತ್ತಿದ್ದವು. ಸಮವಾದ ಪಂದ್ಯ ತೀರ್ಮಾನಿಸೋಕೆ ಒಬ್ಬೊಬ್ಬರೇ ಗೋಲ್‌ಕೀಪರ್ ಎದುರು ಚೆಂಡು ಹೊಡೆಯುವ ಪೆನಾಲ್ಟಿ ಶೂಟೌಟ್‌ಗೆ ಇನ್ನೇನು ಒಂದು ನಿಮಿಷ. ನೆದರ್‌ಲೆಂಡ್ಸ್ ಮ್ಯಾನೇಜರ್ ಲೂಯಿ ವಾನ್ ಗಾಲ್ ಗೋಲ್‌ಕೀಪರ್‌ನನ್ನೇ ಬದಲಾಯಿಸಿದರು! ಇಡೀ ಪಂದ್ಯ ನಿಂತ ಸಿಲ್ಲೆಸೆನ್ ಹೊರಗೆ, ಟಿಮ್ ಕ್ರುಲ್ ಒಳಗೆ. ಸಿಲ್ಲೆಸೆನ್‌ಗೆ ಮುಂಚೆ ಹೇಳಿಯೂ ಇರಲಿಲ್ಲ, ಸಿಟ್ಟಿನಲ್ಲಿ ಬಾಟಲಿ ಒದ್ದ. ಕ್ರುಲ್ ಐದೂ ಹೊಡೆತಕ್ಕೆ ಸರಿಯಾದ ಕಡೆಗೇ ಹಾರಿದ, ಎರಡನ್ನು ತಡೆದ. ವಾನ್ ಗಾಲ್ ಜಾದೂಗಾರ.

ಸೆಮಿಫೈನಲ್‌ನಲ್ಲೂ ಪೆನಾಲ್ಟಿ ಬಂತು, ಅರ್ಜೆಂಟೀನಾ ಎದುರು. ಆಗ ಮೂರೇ ಬದಲಾವಣೆಗೆ ಅವಕಾಶ. ಮೂರನೆಯದನ್ನು ವಾನ್ ಗಾಲ್ 96ನೇ ನಿಮಿಷಕ್ಕೆ ಸ್ಟ್ರೈಕರ್ ಹುಂಟೆಲಾರ್‌ಗೆ ಖರ್ಚು ಮಾಡಿದ್ದರು. ಕ್ರುಲ್ ಬೆಂಚಿನಲ್ಲೇ ಕೂತ. ನೆದರ್‌ಲೆಂಡ್ಸ್ 2-4ರಿಂದ ಸೋತಿತು. ಜೇಬಿನಲ್ಲಿರುವ ಕೊನೆಯ ನೋಟನ್ನು ಯಾವಾಗ ಖರ್ಚು ಮಾಡಬೇಕು ಅನ್ನುವ ಪ್ರಶ್ನೆ ಇದು. ಹುಂಟೆಲಾರ್ ಗೋಲು ಹೊಡೆದುಬಿಟ್ಟಿದ್ದರೆ ಪೆನಾಲ್ಟಿಯೇ ಬರುತ್ತಿರಲಿಲ್ಲ. ಈಗ ಐದು ಬದಲಾವಣೆ ಮಾಡಬಹುದು, 90 ನಿಮಿಷಕ್ಕೆ ಸಮವಾಗಿ ಎಕ್ಸ್‌ಟ್ರಾ ಟೈಮ್‌ಗೆ ಹೋದರೆ ಇನ್ನೂ ಒಂದು. ಮ್ಯಾನೇಜರ್‌ಗಳ ಕೆಲಸ ಹಗುರವಾಗಿದೆಯೋ ಇಲ್ಲವೋ, ನಮಗೆ ಬಯ್ಯೋಕೆ ಹೊಸ ಅವಕಾಶಗಳಂತೂ ಸಿಕ್ಕಿವೆ.

ಬಯ್ಯೋದಕ್ಕೂ ಒಂದು ಮಿತಿ ಇದೆ, ಅದನ್ನೂ ಹೇಳಿಬಿಡುತ್ತೇನೆ. ಯೂರೋಪಿನ ದೇಶಗಳ ಟೂರ್ನಿ ಯೂರೊ 2020ರ ಫೈನಲ್ ನಡೆದಿದ್ದು 2021ರ ಜುಲೈನಲ್ಲಿ. ಇಂಗ್ಲೆಂಡ್‌ನ ಆಗಿನ ಮ್ಯಾನೇಜರ್ ಗ್ಯಾರೆತ್ ಸೌತ್‌ಗೇಟ್ ಬರೀ ಪೆನಾಲ್ಟಿ ಹೊಡೆಯೋಕೆ ಅಂತ ರಾಶ್‌ಫರ್ಡ್, ಸ್ಯಾಂಚೊ ಇಬ್ಬರನ್ನು 120ನೇ ನಿಮಿಷಕ್ಕೆ ಇಳಿಸಿದರು. ಇಬ್ಬರೂ ತಪ್ಪಿಸಿದರು. ಕೊನೆಯ ಹೊಡೆತ 19 ವರ್ಷದ ಬುಕಾಯೊ ಸಾಕಾಗೆ ಬಂತು, ಅದನ್ನೂ ಇಟಲಿ ಕೀಪರ್ ತಡೆದ. ಮೈ ಬಿಸಿಯಾಗದ ಕಾಲಿಗೆ ಅಷ್ಟು ದೊಡ್ಡ ಭಾರ ಹೊರಿಸಬಹುದಾ? ಇದು ಕೇಳಬೇಕಾದ ಪ್ರಶ್ನೆ, ಗಂಟೆಗಟ್ಟಲೆ ವಾದ ಮಾಡಬಹುದು. ಆದರೆ ಆ ರಾತ್ರಿ ಆ ಮೂರು ಹುಡುಗರ ಮೈಬಣ್ಣ ಹಿಡಿದು ಬಂದ ಬಯ್ಗುಳಗಳಿಗೂ ಫುಟ್‌ಬಾಲಿಗೂ ಯಾವ ಸಂಬಂಧವೂ ಇರಲಿಲ್ಲ. ಅಂಥವರು ಪಕ್ಕದಲ್ಲಿ ಕೂತಿದ್ದರೆ ನಾನು ಎದ್ದು ಹೋಗುತ್ತೇನೆ.

ಮೊನ್ನೆ ಭಾವ ಮತ್ತೆ ಅದೇ ಪ್ರಶ್ನೆ ಕೇಳಿದರು. ನಾನು ನೋಟ್‌ಬುಕ್ಕೂ ಪೆನ್ನೂ ಅವರ ಕೈಗೆ ಕೊಟ್ಟೆ. "ಪಟ್ಟಿ ಬರೋಕೆ ಇನ್ನೂ ಅರ್ಧ ಗಂಟೆ ಇದೆ ಭಾವ. ನಿಮ್ಮ ಹನ್ನೊಂದು ಜನರನ್ನ ನೀವೇ ಬರೀರಿ." ಅವರು ಕನ್ನಡಕ ಹಾಕಿಕೊಂಡು ಕೂತರು. ಒಂದು ಹೆಸರು ಬರೆದು ಹೊಡೆದು ಹಾಕಿದರು, ಮತ್ತೆ ಅದೇ ಹೆಸರು ಬರೆದರು. ಇಬ್ಬರು ವಿಂಗರ್‌ಗಳಲ್ಲಿ ಯಾರು ಅಂತ ಹತ್ತು ನಿಮಿಷ ತಲೆ ಕೆರೆದುಕೊಂಡು ಕೊನೆಗೆ ಇಬ್ಬರನ್ನೂ ಹಾಕಿದರು. ಹನ್ನೊಂದು ಹೆಸರಾದ ಮೇಲೆ ಗತ್ತಿನಿಂದ ನನ್ನ ಮುಂದೆ ಹಿಡಿದರು.

ನೋಡಿದೆ. "ಭಾವ, ಗೋಲ್‌ಕೀಪರ್ ಎಲ್ಲಿ?"

ಅವರು ಪುಟವನ್ನು ವಾಪಸ್ ಕಿತ್ತುಕೊಂಡು ಮೇಲಿಂದ ಕೆಳಗೆ ಎರಡು ಸಲ ಓದಿದರು. ಪಂದ್ಯ ಶುರುವಾಗಿ ಐದು ನಿಮಿಷವಾದರೂ ಪೆನ್ನು ಅವರ ಕೈಯಲ್ಲೇ ಇತ್ತು. "ಈಗ ಯಾರನ್ನ ತೆಗೀಲೋ?"